ಇಂದಿನ ಚಿಂತನೆ: ಬ್ರಹ್ಮಗಿರಿಯ ಬಂಡೆ, ಹತ್ತನೇ ತರಗತಿ



ಸಾಲುಮರ ನೆಡಿಸಿದ, ಬಾವಿ ತೋಡಿಸಿದ. ಸಾಮ್ರಾಟ ಅಶೋಕನ ಬಗ್ಗೆ ನಮ್ಮ ಮಕ್ಕಳು ಇಷ್ಟನ್ನು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಪರೀಕ್ಷೆಗೆ ಸಾಕು. ಆದರೆ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುವಾಗ ನನಗೆ ಅವನ ಬದುಕಿನ ಉಳಿದ ಭಾಗವೇ ಹೆಚ್ಚು ಕೆಲಸಕ್ಕೆ ಬಂದಿದೆ.

ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟವೇರಿ, ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದ. ಯುದ್ಧದಲ್ಲಿ ಸತ್ತವರು 1 ಲಕ್ಷ, ನೆಲೆ ತಪ್ಪಿಸಿ ಸಾಗಿಸಿದವರು 1.5 ಲಕ್ಷ, ಆಮೇಲೆ ಸತ್ತವರು ಅದರ ಎಷ್ಟೋ ಪಟ್ಟು. ಈ ಲೆಕ್ಕ ಕೊಟ್ಟವನು ಅವನೇ. ಹದಿಮೂರನೆಯ ಬಂಡೆಶಾಸನದಲ್ಲಿ ತನ್ನ ದುಃಖವನ್ನೂ ತೋಡಿಕೊಂಡಿದ್ದಾನೆ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಆ ಶಾಸನವಿಲ್ಲ. ಬೇರೆ ಕಡೆ ಹೇಳಿದ್ದನ್ನು ನೊಂದವರ ಊರಿನಲ್ಲಿ ಯಾಕೆ ಹೇಳಲಿಲ್ಲ? ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಹಾಕಿದರೆ ಗಂಟೆ ಹೊಡೆದರೂ ಮಾತು ಮುಗಿಯುವುದಿಲ್ಲ. ನಾಚಿಕೆ ಎನ್ನುವವರಿದ್ದಾರೆ, ದಂಗೆಯ ಭಯ ಎನ್ನುವವರಿದ್ದಾರೆ. ನೋಯಿಸಿದವನು ಯಾರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು ಎಂಬಲ್ಲಿಗೆ ಚರ್ಚೆ ಬಂದಾಗ, ನಮ್ಮ ಕೇರಿಯ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಿದ್ದೇನೆ.

ಅಜ್ಜಂಪುರದವರಾದ ನಮಗೆ ಅಶೋಕ ದೂರದವನೇನಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅವನ ಶಾಸನಗಳಿವೆ. ಉಪಾಸಕನಾಗಿ ಎರಡೂವರೆ ವರ್ಷ ಕಳೆದಿದ್ದರೂ ಒಂದು ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ ಎಂದು ಚಕ್ರವರ್ತಿ ಇಲ್ಲಿ ಒಪ್ಪಿಕೊಳ್ಳುತ್ತಾನೆ. (ದೀಕ್ಷೆ ತೆಗೆದುಕೊಂಡು ಸುಮ್ಮನೆ ಕೂತಿರುವ ನಮ್ಮಲ್ಲಿ ಕೆಲವರಿಗೆ ಇದು ಸಮಾಧಾನ ತರಬಹುದು!) ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಆ ಎತ್ತರ ಮುಟ್ಟಬಲ್ಲರು ಎಂದೂ ಬರೆಸಿದ್ದಾನೆ. ಯಾವ ಕುಲದಲ್ಲಿ ಹುಟ್ಟಿದವರು ಎಂಬ ಷರತ್ತಿಲ್ಲ. ಮುಂದೆ ತಂದೆತಾಯಿಯ ಸೇವೆ, ಜೀವಿಗಳಲ್ಲಿ ದಯೆ, ಸತ್ಯ, ಗುರುಗಳಿಗೆ ಗೌರವ. ಇನ್ನೊಂದು ವಿಶೇಷವೆಂದರೆ, ಈ ಬಂಡೆಯಲ್ಲಿ ರಾಜನಿಗೆ ದೇವಾನಾಂಪಿಯ ಎಂಬ ಬಿರುದಷ್ಟೇ ಇದೆ. ಬರೆದ ಚಪಡ ಮಾತ್ರ ತನ್ನ ಹೆಸರನ್ನೇ ಹಾಕಿಕೊಂಡಿದ್ದಾನೆ. ಅಶೋಕ ಎಂಬ ಹೆಸರು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು.

ಸರ್ಕಾರಿ ಶಾಲೆಯಲ್ಲಿ ಮತಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಅದನ್ನು ಎಲ್ಲರಿಗಿಂತ ಮೊದಲು ನಾವು ಪಾಲಿಸಬೇಕು. ಹಾಗಾಗಿ ತರಗತಿಯಲ್ಲಿ ತ್ರಿಸರಣ ಹೇಳಿಸುವುದಿಲ್ಲ. ಶಾಸನದ ಸಾರವನ್ನೂ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಹೋಲಿಸಲು ಬಿಡುತ್ತೇನೆ. ಜೀವದಯೆ ಎರಡೂ ಕಡೆ ಸಿಗುತ್ತದೆ. ಬಂಡೆಯಲ್ಲಿ ಎಷ್ಟು ಹುಡುಕಿದರೂ ಸಿಗದಿರುವುದು ಪ್ರಜೆಯ ಹಕ್ಕು. ರಾಜನ ಮನಸ್ಸು ಬದಲಾದರೆ ಪ್ರಜೆ ಯಾರ ಹತ್ತಿರ ಹೋಗಬೇಕು? ಅಶೋಕ ಕಳಿಂಗವನ್ನು ಹಿಂತಿರುಗಿಸಲಿಲ್ಲ. ಮರಣದಂಡನೆಯನ್ನೂ ತೆಗೆಯಲಿಲ್ಲ, ಮೂರು ದಿನದ ಗಡುವು ಕೊಟ್ಟ, ಅಷ್ಟೆ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಬಾಬಾಸಾಹೇಬರ ಕಾಲದ ಸಂವಿಧಾನದಲ್ಲಿ ಹಕ್ಕುಗಳಿದ್ದವು, ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೇ ವಿಧಿ ಇತ್ತು; ಕರ್ತವ್ಯಗಳ ಪಟ್ಟಿ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಆದ್ದರಿಂದ 17 ಮುಗಿಸದೆ ನಾನು 51ಎ ತೆಗೆಯುವುದಿಲ್ಲ.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಕಾಲಾಂತರದಲ್ಲಿ ಅವನ ಬ್ರಾಹ್ಮಿ ಲಿಪಿ ಓದಬಲ್ಲವರೇ ಇಲ್ಲವಾದರು; 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ. ಈ ಸಲ ದುರ್ಗದ ಕೋಟೆಗೆ ಪ್ರವಾಸ ಹೊರಡಿಸುವ ಶಿಕ್ಷಕ ಬಂಧುಗಳು ಬಸ್ಸನ್ನು ಬ್ರಹ್ಮಗಿರಿಯವರೆಗೂ ಓಡಿಸಿ. ಚಪಡನ ಹೆಸರಿನ ಜೊತೆಗಿರುವ ಲಿಪಿಕಾರ ಎಂಬ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಇದೆ. ಅದನ್ನು ಮಕ್ಕಳೇ ಹುಡುಕಲಿ.