ಹಳಿಯ ಸದ್ದು ಮತ್ತು ಸರ್ ಎಂ.ವಿ.

ನಾನು ದಿನವೂ ಮಂಜೇಶ್ವರದಿಂದ ರೈಲಿನಲ್ಲಿ ಮಂಗಳೂರು ಸೆಂಟ್ರಲ್‌ಗೆ ಬಂದು, ಅಲ್ಲಿಂದ ಕೊಡಿಯಾಲ್‌ಬೈಲಿನ ನಮ್ಮ ಕಾಲೇಜು ಸೇರುತ್ತೇನೆ. ನೇತ್ರಾವತಿ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದಾಗಲೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆ ನೆನಪಾಗುತ್ತದೆ. ರೈಲಿನ ಸದ್ದಿನ ವ್ಯತ್ಯಾಸದಿಂದಲೇ ಮುಂದೆ ಹಳಿ ತುಂಡಾಗಿದೆಯೆಂದು ತಿಳಿದು ಅವರು ಸರಪಳಿ ಎಳೆದರಂತೆ. ಅದು ಬಾಯಿಂದ ಬಾಯಿಗೆ ಬಂದ ಕಥೆ. ಅವರು ನಿಜವಾಗಿ ಮಾಡಿದ್ದು ಅದಕ್ಕಿಂತ ದೊಡ್ಡದು.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ನಂತರ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಮಿತಿ ಮೀರಿದರೆ ಅವು ತಾವಾಗಿಯೇ ತೆರೆಯುತ್ತಿದ್ದವು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ನಿಜಾಮ ಸರ್ಕಾರ ಅವರನ್ನು ಕರೆಸಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ತೀರಿಕೊಂಡರು.

ಉದ್ದದ ಗೂಡ್ಸ್ ರೈಲಿನ ಹಿಂದಿನ ವ್ಯಾಗನ್ ಹಳಿ ತಪ್ಪಿದರೆ ಚಾಲಕನಿಗೆ ತಕ್ಷಣ ತಿಳಿಯದೇ ಹೋಗಬಹುದು. ಅದಕ್ಕಾಗಿ ಈಗ ವ್ಯಾಗನ್‌ಗಳಿಗೆ ಕಂಪನ ಅಳೆಯುವ ಸೆನ್ಸರ್‌ಗಳನ್ನು ಜೋಡಿಸುತ್ತಾರೆ. ಗಾಲಿ ಹಳಿಯಿಂದ ಇಳಿದು ಸ್ಲೀಪರ್‌ಗೆ ಬಡಿದರೆ ಕಂಪನ ಒಮ್ಮೆಲೇ ಏರುತ್ತದೆ. ಕೆಲವು ಉಪಕರಣಗಳು ಬ್ರೇಕ್ ಪೈಪಿನ ಗಾಳಿಯನ್ನು ಹೊರಬಿಟ್ಟು ರೈಲನ್ನು ತಾವೇ ನಿಲ್ಲಿಸುತ್ತವೆ. ಖಡಕ್‌ವಾಸ್ಲಾದ ಬಾಗಿಲು ಮಾಡಿದ್ದೂ ಇದನ್ನೇ: ಅಪಾಯವನ್ನು ಗುರುತಿಸಿ, ಯಾರಿಗೂ ಕಾಯದೆ ಕೆಲಸ ಮಾಡುವುದು.

ಪ್ರತಿ ರೈಲಿನಲ್ಲೂ ಸೂಕ್ಷ್ಮ ಕಿವಿಯ ಒಬ್ಬ ಎಂಜಿನಿಯರ್ ಕೂತಿರುವುದಿಲ್ಲ. ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಸರಪಳಿಯ ಕಥೆಯ ಜೊತೆಗೆ ಆ ಬಾಗಿಲುಗಳ ಕಥೆಯನ್ನೂ ಓದಲಿ.