ಅಶೋಕ ಕಳಿಂಗದಲ್ಲಿ ಬರೆಸದ ಶಾಸನ



ಕಳಿಂಗ ನೋಡಿ ಕತ್ತಿ ಬಿಸಾಡಿದ ಸಾಮ್ರಾಟ ಅಶೋಕನ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಇವತ್ತು ದೊಡ್ಡವರಿಗೆ, ಆ ಪಾಠದಲ್ಲಿ ಇಲ್ಲದ ಅಶೋಕನ ಬಗ್ಗೆ.

ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಪಟ್ಟವಾಗಿ 8 ವರ್ಷ ಕಳೆದಾಗ, ಸುಮಾರು ಕ್ರಿ.ಪೂ. 261ರಲ್ಲಿ, ಕಳಿಂಗವನ್ನು ಗೆದ್ದ. ಲೆಕ್ಕ ಅವನೇ ಕಲ್ಲಿನಲ್ಲಿ ಬರೆಸಿದ್ದು: ಯುದ್ಧದಲ್ಲಿ ಸತ್ತವರು 1 ಲಕ್ಷ, ಸೆರೆಯಾಗಿ ಊರು ಬಿಟ್ಟವರು 1.5 ಲಕ್ಷ, ಆಮೇಲೆ ಸತ್ತವರು ಅದರ ಎಷ್ಟೋ ಪಟ್ಟು. ಮನಸ್ಸು ರಾತ್ರೋರಾತ್ರಿ ಬದಲಾಗಲಿಲ್ಲ. ಉಪಾಸಕನಾದ ಮೇಲೂ ಒಂದು ವರ್ಷ ತನ್ನಲ್ಲಿ ಅಷ್ಟು ಶ್ರದ್ಧೆ ಇರಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಬಂತು ಎಂದು ಒಪ್ಪಿಕೊಂಡಿದ್ದಾನೆ. ಆ ಶಾಸನ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ.

ಆದರೆ ಕಳಿಂಗದ ದುಃಖ ತೋಡಿಕೊಂಡ 13ನೇ ಶಾಸನ ಕಳಿಂಗದಲ್ಲೇ ಇಲ್ಲ! ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಅದನ್ನು ಬಿಟ್ಟು ಬೇರೆ ಎರಡು ಶಾಸನ ಬರೆಸಿದ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಎದುರು ಆ ಲೆಕ್ಕ ಓದಿಸಲು ನಾಚಿಕೆಯೋ, ದಂಗೆಯ ಭಯವೋ? ಎರಡೂ ಇರಬೇಕು ಅಂತ ನನ್ನ ಎಣಿಕೆ. ಬದಲಿಗೆ ಬರೆಸಿದ್ದು ಅಧಿಕಾರಿಗಳಿಗೆ ಆಜ್ಞೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು. ಹೊಟ್ಟೆಕಿಚ್ಚು, ಸಿಟ್ಟು, ಆತುರ, ಸೋಮಾರಿತನ ಇಟ್ಟುಕೊಂಡು ನ್ಯಾಯ ಕೊಡಲಾಗದು. ಇದು ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಮಹಾಮಾತ್ರನನ್ನು ಕಳಿಸುತ್ತೇನೆ ಅಂದ. ಸ್ಟೇಷನ್ನಿನ ಮುಂದೆ ರಾತ್ರಿಯಿಡೀ ಕೂತು ಗೊತ್ತಿರುವ ನಮ್ಮ ಜನಕ್ಕೆ ಈ ಆಜ್ಞೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇವೇ ಎರಡು ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಆ ಕಲ್ಲು ಗುಡಿಯೊಳಗೆ ಕಾಳಿಯ ಮೂರ್ತಿಗೆ ಪೀಠವಾಗಿತ್ತು.

ಹಾಗಂತ ಅವನು ಸೈನ್ಯ ಬಿಟ್ಟ ಎಂದು ಯಾವ ಶಾಸನದಲ್ಲೂ ಇಲ್ಲ. ಕಳಿಂಗವನ್ನು ವಾಪಸ್ ಕೊಡಲಿಲ್ಲ. ದುಃಖಪಟ್ಟರೂ ತನ್ನ ಕೈಯಲ್ಲಿ ಬಲವಿದೆ ಎಂದು ಅದೇ 13ನೇ ಶಾಸನದಲ್ಲಿ ಅಡವಿಯ ಜನರಿಗೆ ಎಚ್ಚರಿಕೆ ಕೊಟ್ಟ. ಬೇರೆ ಪಂಥದವರ ಮೇಲೆ ಮಾತ್ರ ಆ ಬಲ ತೋರಿಸಿದ ಎಂದು ಶಾಸನಗಳಲ್ಲಿ ಇಲ್ಲ. ಆಜೀವಿಕರಿಗೆ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನೇ ಕೊಟ್ಟ. ಮರಣದಂಡನೆ ಉಳಿಯಿತು. ಪಟ್ಟವಾದ 26 ವರ್ಷಕ್ಕೆ, ಶಿಕ್ಷೆಯಾದವರಿಗೆ 3 ದಿನದ ಗಡುವು ಕೊಟ್ಟ. ಬಂಧುಗಳು ಜೀವ ಉಳಿಸಿ ಎಂದು ಮೊರೆಯಿಡಲಿ, ಇಲ್ಲವಾದರೆ ದಾನ, ಉಪವಾಸ ಮಾಡಲಿ ಎಂದು. ಧಮ್ಮಕ್ಕೆ ಬಂದ ರಾಜನಿಂದ ಆದದ್ದು ಅಷ್ಟು. ಅದನ್ನು ಕಡಿಮೆ ಅನ್ನಲು ನನಗೆ ಮನಸ್ಸು ಬಾರದು, ಸಾಕು ಅನ್ನಲೂ ಬಾರದು.

1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಮರಣದಂಡನೆಯ ಮೇಲ್ಮನವಿಯ ಚರ್ಚೆ ಬಂದಾಗ ಬಾಬಾಸಾಹೇಬರು, ಮೇಲ್ಮನವಿಗಿಂತ ಆ ಶಿಕ್ಷೆಯನ್ನೇ ತೆಗೆದುಹಾಕುವುದು ಮೇಲು ಎಂದರು. ಅದು ಇಂದಿಗೂ ನಮ್ಮ ಕಾನೂನಿನಲ್ಲಿದೆ.