ಧಾರವಾಡದ ಬಾಳೂ: ತಿಂಗಳಿಗೆ ಮೂರು ರೂಪಾಯಿಯ ಬೌಲರು

ಭಾನುವಾರ ಬೆಳಗಾದರೆ ಸಾಕು, ರಾಜಾಜಿನಗರದ ಮೈದಾನಗಳಿಂದ ಹಿಡಿದು ಕೆಂಗೇರಿಯ ಖಾಲಿ ಸೈಟುಗಳ ತನಕ ಕ್ರಿಕೆಟ್ಟೋ ಕ್ರಿಕೆಟ್ಟು. ವಿಜಯನಗರದ ಅಡ್ಡರಸ್ತೆಗಳಲ್ಲಂತೂ ನಾಲ್ಕು ಇಟ್ಟಿಗೆ ಪೇರಿಸಿದರೆ ಅದೇ ವಿಕೆಟ್ಟು. ಅಂಗಡಿ ಗಾಜಿಗೆ ಚೆಂಡು ಬಿತ್ತು ಅಂತ ಹುಡುಗರ ಮೇಲೆ ರೇಗಿದ ಯಜಮಾನರೇ ರಾತ್ರಿ ಟಿವಿ ಮುಂದೆ ಕೂತು ಐಪಿಎಲ್ ನೋಡ್ತಾರೆ. ಆಟಗಾರರನ್ನು ಹರಾಜಿನಲ್ಲಿ ಕೋಟಿ ಕೋಟಿ ಸುರಿದು ಕೊಳ್ಳುವ ಕಾಲ ಇದು. ಈ ವರ್ಷ ಈ ಊರಿನ ತಂಡ, ಬರೋ ವರ್ಷ ಇನ್ನೊಂದು ಊರಿನದು. ಯಾರು ದುಡ್ಡು ಕೊಟ್ಟರೆ ಅವರ ಅಂಗಿ. ಇದರಲ್ಲಿ ಯಾರಿಗೂ ಸಂಕೋಚ ಇಲ್ಲ.

ಆದರೆ ಇದೇ ಆಟವನ್ನು ಹೊಟ್ಟೆಪಾಡಿಗಾಗಿ ಆಡಿ, ಕ್ಲಬ್ಬಿನಿಂದ ಕ್ಲಬ್ಬಿಗೆ, ಊರಿಂದ ಊರಿಗೆ ಹೋಗಿ, ಹೋದ ಕಡೆಯೆಲ್ಲ ಗೆಲುವು ತಂದುಕೊಟ್ಟ ಒಬ್ಬ ಮಹಾ ಬೌಲರು ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದ್ದರು. ದಾಖಲೆ ಪುಸ್ತಕ ತೆಗೆದು ನೋಡಿ. ಹುಟ್ಟಿದ ಊರು ಧಾರವಾಡ, ತಾರೀಖು 1876ರ ಮಾರ್ಚ್ 19. ಹೆಸರು ಪಾಲವಣಕರ ಬಾಳೂ. ಮನೆತನದ ಮೂಲ ಕೊಂಕಣದ ಪಾಲವಣ ಹಳ್ಳಿ, ಮನೆಮಾತು ಮರಾಠಿ. ಆದರೂ ಕಣ್ಣು ಬಿಟ್ಟಿದ್ದು ನಮ್ಮ ನೆಲದಲ್ಲಿ. ಧಾರವಾಡ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು.

ಇವರ ಕಥೆ ಅಂದರೆ ಬರೀ ರನ್ನು, ವಿಕೆಟ್ಟಿನ ಲೆಕ್ಕ ಅಲ್ಲ. ಕೆಲಸ ಬೇಕು, ಕೆಲಸದವನು ಬೇಡ ಅನ್ನೋ ಕಥೆ ಇದು.

ರೋಲರ್ ಎಳೆದ ಕೈ

ಬಾಳೂ ಹುಟ್ಟಿದ್ದು ಚರ್ಮದ ಕೆಲಸದ ಜಾತಿಯಲ್ಲಿ. ಅಂದಿನ ಸಮಾಜದ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆಗೆ ಪುಣೆಯ ದಂಡಿನಲ್ಲಿ ಕೆಲಸ. ಬಿಳಿ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡು ಹಿಡಿದುಕೊಂಡು ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಕೋಚೂ ಇಲ್ಲ, ಶಾಲೆಯ ಟೀಮೂ ಇಲ್ಲ. ನೋಡಿ ಕಲಿತದ್ದೇ ವಿದ್ಯೆ.

ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚು ಗುಡಿಸೋದು, ರೋಲರ್ ಎಳೆಯೋದು. ಸಂಬಳ ತಿಂಗಳಿಗೆ ಮೂರು ರೂಪಾಯಿ. ಪುರಸೊತ್ತು ಸಿಕ್ಕಾಗ ಸದಸ್ಯರಿಗೆ ನಾಲ್ಕು ಚೆಂಡು ಹಾಕೋದು. 1892ರ ಸುಮಾರಿಗೆ ಒಂದು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಐರೋಪ್ಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ನಾಲ್ಕು ರೂಪಾಯಿ. ನೆಟ್ಟು ಕಟ್ಟೋದು, ಗೆರೆ ಹಾಕೋದು, ಟೆನಿಸ್ ಅಂಗಳ ನೋಡಿಕೊಳ್ಳೋದು, ಎಲ್ಲಾ ಇವರದೇ.

ಆ ಕ್ಲಬ್ಬಿನಲ್ಲಿ ಗ್ರೇಗ್ ಅನ್ನೋ ಇಂಗ್ಲಿಷ್ ಅಧಿಕಾರಿ ಇದ್ದ. ಆ ಕಾಲದಲ್ಲಿ ಇಂಡಿಯಾದಲ್ಲಿದ್ದ ಬಿಳಿಯರ ಪೈಕಿ ದೊಡ್ಡ ಬ್ಯಾಟ್ಸ್‌ಮನ್. ಬಾಳೂ ಅವರ ಎಡಗೈ ಸ್ಪಿನ್ನಿನ ರುಚಿ ಹತ್ತಿದ್ದೇ ತಡ, ಬೇರೆಯವರಿಗಿಂತ ಮುಂಚೆ ಬಂದು ದಿನಾ ಅಭ್ಯಾಸ ಶುರು ಮಾಡಿದ. ಒಂದು ಸಲ ಔಟ್ ಮಾಡಿದರೆ ಎಂಟಾಣೆ ಇನಾಮು ಕೊಡುತ್ತಿದ್ದ ಅಂತ ಹೇಳಿಕೆ ಇದೆ. ಇದರಿಂದ ಗ್ರೇಗನ ಬ್ಯಾಟಿಂಗು ಹರಿತವಾಯಿತು, ಬಾಳೂ ಅವರ ಬೌಲಿಂಗು ಇನ್ನೂ ಹರಿತವಾಯಿತು. ಆದರೆ ಅಷ್ಟು ವರ್ಷ ಗಂಟೆಗಟ್ಟಲೆ ಚೆಂಡು ಹಾಕಿದ ಆಳಿಗೆ ಒಂದು ದಿನವಾದರೂ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗು ದೊರೆಗಳ ಆಟ, ಬೌಲಿಂಗು ಆಳಿನ ಕೆಲಸ. ಇದು ಆಗಿನ ರಿವಾಜು.

ಮಣ್ಣಿನ ಕುಡಿಕೆ

ಪುಣೆಯ ಹಿಂದೂಗಳದ್ದೂ ಒಂದು ಕ್ಲಬ್ಬಿತ್ತು. ಬಿಳಿಯರನ್ನು ಸೋಲಿಸಬೇಕು ಅನ್ನೋ ಹಟವೂ ಇತ್ತು. ಬಾಳೂ ಬಂದರೆ ಗೆಲ್ಲಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ಸೇರಿಸಿಕೊಳ್ಳೋದು ಹ್ಯಾಗೆ? ಕ್ಲಬ್ಬಿನಲ್ಲಿದ್ದ ತೆಲುಗರು ಸೇರಿಸೋಣ ಅಂದರು, ಮರಾಠಿ ಬ್ರಾಹ್ಮಣರು ಬೇಡ ಅಂದರು. ಇಂಥ ಬೌಲರನ್ನು ಬಿಟ್ಟರೆ ಹಿಂದೂಗಳೇ ಮೂರ್ಖರು ಅಂತ ಗ್ರೇಗ್ ಪತ್ರಿಕೆಯವರ ಮುಂದೆ ಹೇಳಿಬಿಟ್ಟ. ಕಡೆಗೆ ಬಾಳೂ ಅವರನ್ನು ಕರೆದರು.

ಕರೆದರು, ಆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚೆಂಡು ಚರ್ಮದ್ದು, ಅದಕ್ಕೆ ಯಾರ ಅಭ್ಯಂತರವೂ ಇಲ್ಲ. ಟೀ ಹೊತ್ತಾದರೆ ಮಿಕ್ಕವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪು, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆ. ಕುಡಿದು ಒಡೆದು ಹಾಕೋದು. ಊಟಕ್ಕೆ ಬೇರೆ ಮೇಜು. ಮುಖ ತೊಳೆಯೋಕೆ ನೀರು ಬೇಕಾದರೆ ಅವರ ಜಾತಿಯ ಆಳೇ ತಂದು ಮೂಲೆಯಲ್ಲಿ ಹೊಯ್ಯಬೇಕು. ಐದು ವಿಕೆಟ್ ತೆಗೆದ ದಿನವೂ ಇದೇ ವ್ಯವಸ್ಥೆ.

ಸತಾರಾದಲ್ಲಿ ಬಿಳಿಯರ ಜಿಮ್ಖಾನಾ ಜೊತೆ ಪಂದ್ಯ ಬಿತ್ತು. ಬಾಳೂ ಸ್ಪಿನ್ನು ತಿರುಗಬಾರದು ಅಂತ ಪಿಚ್ಚನ್ನು ದಿನಗಟ್ಟಲೆ ಉರುಳಿಸಿ ಗಟ್ಟಿ ಮಾಡಿಸಿದ್ದರು. ಆದರೂ ಏಳು ವಿಕೆಟ್ ಬಿತ್ತು. ಗೆದ್ದ ಮೇಲೆ ಆನೆ ಮೇಲೆ ಮೆರವಣಿಗೆ! ಪುಣೆಗೆ ವಾಪಸು ಬಂದಾಗ ಸನ್ಮಾನ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಆಟಗಾರರಿಗೆ ನೇರವಾಗಿಯೇ ಬುದ್ಧಿ ಹೇಳಿದರು. ಜೊತೆಗೆ ಆಡೋದು ಸರಿ ಅನ್ನೋದಾದರೆ ಜೊತೆಗೆ ಊಟ ಮಾಡೋದು ಯಾಕೆ ತಪ್ಪು ಅನ್ನೋದು ಅವರ ಮಾತಿನ ಸಾರ. ಆನೆ ಮೇಲೆ ಕೂರಿಸಿದವರಿಗೆ ಪಂಕ್ತಿಯಲ್ಲಿ ಕೂರಿಸೋದು ಅಷ್ಟು ಕಷ್ಟ ಆಗಿತ್ತು ನೋಡಿ.

ಬೊಂಬಾಯಿಯ ದಾರಿ

1896ರಲ್ಲಿ ಪ್ಲೇಗು ಬಂತು. ಆ ಹೊತ್ತಿಗೆ ಬಾಳೂ ಬೊಂಬಾಯಿ ದಾರಿ ಹಿಡಿದರು. ಅಲ್ಲಿ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ. ಅಲ್ಲೂ ಕೆಲವರು ಮೂಗು ಮುರಿದರು. ಬಾಳೂ ಬೇಕೇ ಬೇಕು ಅಂತ ನಾಯಕ ಕೀರ್ತಿಕರ್ ಪಟ್ಟು ಹಿಡಿದಿದ್ದರಿಂದ ದಾರಿ ಆಯಿತು. ಹೊಟ್ಟೆಗೆ ರೈಲ್ವೆ ಕಂಪನಿಯ ಕೆಲಸ, ಕಂಪನಿ ಟೀಮಿಗೂ ಇವರದೇ ಬೌಲಿಂಗು.

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ದೊಡ್ಡ ಪಂದ್ಯ. ಹಿಂದೂಗಳು 242 ಮತ್ತು 160. ಐರೋಪ್ಯರು 191 ಮತ್ತು 102. ಗೆಲುವು 109 ರನ್ನಿನಿಂದ. ಬಂಗಾಳದ ವಿಭಜನೆ ಆಗಿ, ಸ್ವದೇಶಿ ಚಳವಳಿ ಕಾವೇರಿದ್ದ ಸಮಯ ಅದು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಅಂದರೆ ಕೇಳಬೇಕೆ? ತಂಡದಲ್ಲಿ ಬಾಳೂ, ಶಿವರಾಮ ಇಬ್ಬರೂ ಇದ್ದರು. ಬೊಂಬಾಯಿಯ ಜಿಮ್ಖಾನಾದಲ್ಲಿ ಇವರು ಎಲ್ಲರ ಜೊತೆಯಲ್ಲೇ ಊಟ ತಿಂಡಿ ಮಾಡುವಂತಾದದ್ದನ್ನು ಸುಧಾರಕರ ಪತ್ರಿಕೆಗಳು ಹೊಗಳಿ ಬರೆದವು. ಮಣ್ಣಿನ ಕುಡಿಕೆ ಹೋಗೋಕೆ ಅಷ್ಟು ವರ್ಷ, ಅಷ್ಟು ವಿಕೆಟ್ ಬೇಕಾಯಿತು.

ಇಂಗ್ಲೆಂಡಿನಲ್ಲಿ 114

1911ರಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು ಹತ್ತೊಂಬತ್ತು. ಬಾಳೂ ಅವರಿಗೆ ಮೂವತ್ತೈದು. ಶಿವರಾಮ ಕೂಡಾ ಜೊತೆಗೆ. ನಮ್ಮ ಬೆಂಗಳೂರಿನ ಬಿ. ಜಯರಾಂ ಅವರೂ ಆ ತಂಡದಲ್ಲಿದ್ದರು ಅನ್ನೋದು ನಮಗೆ ಹೆಮ್ಮೆಯ ವಿಷಯ.

ಅಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಗದ್ದಲ. ಮಹಾರಾಜರಿಗೆ ಔತಣ, ಓಡಾಟ. ಕೆಲವೇ ಪಂದ್ಯ ಆಡಿ ಕೈಬಿಟ್ಟರು. ದುಡಿದವರು ಬಾಳೂ. 23 ಪಂದ್ಯಗಳಲ್ಲಿ ತಂಡ ಗೆದ್ದದ್ದು 6, ಸೋತದ್ದು 15. ಇಂಥ ಸೋಲುವ ತಂಡದಲ್ಲಿ ಈ ಮನುಷ್ಯ ತೆಗೆದದ್ದು 114 ವಿಕೆಟ್ಟು, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8. ಲೀಸ್ಟರ್‌ಶೈರ್ ತಂಡವನ್ನು ಸೋಲಿಸಿದ ಪಂದ್ಯದಲ್ಲಿ ಎರಡೂ ಇನ್ನಿಂಗ್ಸ್ ಸೇರಿ 11. ಸಾಮರ್‌ಸೆಟ್ ವಿರುದ್ಧ ತಮ್ಮ ಶಿವರಾಮ ಔಟಾಗದೆ ಶತಕ ಹೊಡೆದು, ಒಂದೇ ವಿಕೆಟ್ ಉಳಿದಿದ್ದಾಗ ಗೆಲುವು ಬಂತು.

ವಾಪಸು ಬಂದಾಗ ಬೊಂಬಾಯಿಯ ದಲಿತ ಸಮುದಾಯದವರು ಸೇರಿ ದೊಡ್ಡ ಸನ್ಮಾನ ಮಾಡಿದರು. ಆ ಮಾನಪತ್ರದ ಹಿಂದೆ ಕಾಲೇಜು ಓದುತ್ತಿದ್ದ ಇಪ್ಪತ್ತು ವರ್ಷದ ತರುಣನೊಬ್ಬನ ಕೈ ಇತ್ತು. ಹೆಸರು ಭೀಮರಾವ್ ಅಂಬೇಡ್ಕರ್. ಸಂವಿಧಾನ ಬರೆದ ಅದೇ ಅಂಬೇಡ್ಕರ್ ಅವರಿಗೆ ಆಗ ಬಾಳೂ ಅಂದರೆ ಕಣ್ಣೆದುರಿನ ವೀರ.

ನಾಯಕನ ಪಟ್ಟ

1912ರಿಂದ ಹಿಂದೂ, ಮುಸ್ಲಿಂ, ಪಾರ್ಸಿ, ಐರೋಪ್ಯರ ನಾಲ್ಕು ತಂಡಗಳ ಪಂದ್ಯಾವಳಿ ಶುರುವಾಯಿತು. ಹಿಂದೂ ತಂಡದಲ್ಲಿ ಬಾಳೂ ಅವರಷ್ಟು ಅನುಭವ ಯಾರಿಗೂ ಇರಲಿಲ್ಲ. ಆದರೆ ಪ್ರತಿ ವರ್ಷವೂ ನಾಯಕ ಬೇರೆಯವರೇ. ನಾಯಕರಾಗಿದ್ದ ಎಂ.ಡಿ. ಪೈ ಅವರೇ ಒಂದು ಸಮಾರಂಭದಲ್ಲಿ, ಈ ಪಟ್ಟ ಬಾಳೂ ಅವರಿಗೆ ಸಲ್ಲಬೇಕಾಗಿತ್ತು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದಷ್ಟೇ ಬಂತು, ಆಯ್ಕೆ ಸಮಿತಿಯವರು ಅಲ್ಲಾಡಲಿಲ್ಲ.

1920ರಲ್ಲಿ ಪೈ ಕಾಯಿಲೆ ಬಿದ್ದರು. ಇನ್ನಾದರೂ ಪಟ್ಟ ಬಾಳೂ ಮನೆತನಕ್ಕೆ ಬರುತ್ತೆ ಅಂದುಕೊಂಡರೆ, ಕಿರಿಯ ಬ್ರಾಹ್ಮಣ ಆಟಗಾರರೊಬ್ಬರನ್ನು ನಾಯಕ ಮಾಡಿ, ಬಾಳೂ ಅವರನ್ನು ತಂಡದಿಂದಲೇ ಬಿಟ್ಟರು. ತಮ್ಮಂದಿರಾದ ಶಿವರಾಮ, ವಿಠ್ಠಲ ಸುಮ್ಮನಿರಲಿಲ್ಲ. ಇದು ಜಾತಿಯ ಅನ್ಯಾಯ ಅಂತ ಬಹಿರಂಗ ಹೇಳಿಕೆ ಕೊಟ್ಟು ಇಬ್ಬರೂ ತಂಡದಿಂದ ಹೊರಗೆ ನಡೆದರು. ಆಗಿನ ಕಾಲದಲ್ಲಿ ಇದು ಸಣ್ಣ ಎದೆಗಾರಿಕೆ ಅಲ್ಲ. ಜನ ಅವರ ಪರ ನಿಂತರು. ಮುಂದಿನ ಪಂದ್ಯಕ್ಕೆ ಪೈ ವಾಪಸಾದರು, ಬಾಳೂ ಉಪನಾಯಕರಾದರು. ಪಂದ್ಯದ ನಡುವೆ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋಗಿ, ತಂಡವನ್ನು ಬಾಳೂ ಕೈಗೆ ಒಪ್ಪಿಸಿದರು.

ಜೀವಮಾನದ ದುಡಿಮೆಗೆ ಅಷ್ಟೇ ದಕ್ಕಿದ್ದು. ಒಂದು ಸ್ವಲ್ಪ ಹೊತ್ತಿನ ನಾಯಕತ್ವ.

ಆದರೆ ಆ ಬಾಗಿಲು ಮತ್ತೆ ಪೂರ್ತಿ ಮುಚ್ಚಲಿಲ್ಲ. 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದರು. ಐರೋಪ್ಯರನ್ನು ಸೋಲಿಸಿದ ದಿನ ಮೇಲ್ಜಾತಿಯವರೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣ ಬಿತ್ತಿದ್ದು, ತಮ್ಮ ಕೊಯ್ದದ್ದು.

ಅಂಬೇಡ್ಕರ್ ಎದುರಿಗೆ

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. ಗಾಂಧೀಜಿ ಅಂದರೆ ಭಕ್ತಿ. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ, ಅಂಬೇಡ್ಕರರ ಮನವೊಲಿಸಲು ಹೋದವರಲ್ಲಿ ಇವರೂ ಒಬ್ಬರು. ಆ ಸೆಪ್ಟೆಂಬರಿನಲ್ಲಿ ಪುಣೆ ಒಪ್ಪಂದ ಆಯಿತು.

1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಬೊಂಬಾಯಿಯಲ್ಲಿ ಅಂಬೇಡ್ಕರ್ ವಿರುದ್ಧ ಬಾಳೂ ಅವರನ್ನೇ ನಿಲ್ಲಿಸಿದರು. ಅಂಬೇಡ್ಕರ್ ಅವರಿಗೆ 13,245 ಮತ, ಬಾಳೂ ಅವರಿಗೆ 11,225. ಒಂದು ಕಾಲದಲ್ಲಿ ತನಗೆ ಮಾನಪತ್ರ ಬರೆದ ಹುಡುಗನ ಎದುರು ಸೋಲು. ಒಬ್ಬರದು ಒಳಗಿದ್ದು ದುಡಿದು ಮನಸ್ಸು ಗೆಲ್ಲೋಣ ಅನ್ನೋ ದಾರಿ, ಇನ್ನೊಬ್ಬರದು ಹಕ್ಕು ಕೇಳಿಯೇ ಪಡೆಯಬೇಕು ಅನ್ನೋ ದಾರಿ. ಬಾಳೂ ಅವರ ಬದುಕನ್ನೇ ನೋಡಿದರೆ ಎರಡನೆಯದು ಯಾಕೆ ಬೇಕಾಯಿತು ಅನ್ನೋದು ಗೊತ್ತಾಗುತ್ತೆ. ಇಪ್ಪತ್ತು ವರ್ಷ ದುಡಿದರೂ ಬಾರದ್ದು, ತಮ್ಮಂದಿರು ಒಂದು ಸಲ ಎದ್ದು ನಿಂತು ಕೇಳಿದ ಮೇಲೆ ಬಂತು.

1955ರ ಜುಲೈನಲ್ಲಿ ಬಾಳೂ ಬೊಂಬಾಯಿಯಲ್ಲಿ ತೀರಿಕೊಂಡರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಇವರಿಗೆ ಐವತ್ತಾರು ದಾಟಿತ್ತು, ಹಾಗಾಗಿ ಟೆಸ್ಟ್ ಪಟ್ಟಿಯಲ್ಲಿ ಹೆಸರಿಲ್ಲ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ಇಷ್ಟು ಮಾತ್ರ ಪುಸ್ತಕದಲ್ಲಿದೆ. ಧಾರವಾಡದಿಂದ ಬಂದು ನಮ್ಮ ವಿಜಯನಗರ, ಬಸವೇಶ್ವರನಗರದಲ್ಲಿ ಮನೆ ಮಾಡಿಕೊಂಡವರನ್ನು ಕೇಳಿ ನೋಡಿ, ಎಷ್ಟು ಜನಕ್ಕೆ ಈ ಹೆಸರು ಗೊತ್ತು ಅಂತ.

ಆ ಕಾಲ ಹೋಯಿತು, ಈಗ ಎಲ್ಲಾ ಸರಿಯಾಗಿದೆ ಅನ್ನುವವರು ಇದ್ದಾರೆ. ಒಳ್ಳೆಯದು. ನಾಳೆ ಬೆಳಗ್ಗೆ ಅಂಗಡಿ ಮುಂದೆ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸು ಕುಡಿಯೋಕೆ ನೀರು ಕೇಳಿದರೆ, ಯಾವ ಲೋಟದಲ್ಲಿ ಕೊಡ್ತೀವಿ ಅನ್ನೋದನ್ನು ಒಂದು ಸಲ ಗಮನಿಸಿ. ಯಜಮಾನರು ಕುಡಿಯುವ ಲೋಟವೋ, ಹಿಂದೆ ಕಿಟಕಿಯ ಮೇಲೆ ಬೇರೆ ಇಟ್ಟಿರುವ ಲೋಟವೋ? ಉತ್ತರ ಪತ್ರಿಕೆಗೆ ಬರೆದು ಕಳಿಸಬೇಕಾಗಿಲ್ಲ. ನಿಮಗೆ ಗೊತ್ತಿದ್ದರೆ ಸಾಕು.